ಹಾವಸೆಯ ಹಾಸು ಯಾರಿಗೆ ಹಿತ?

ಸರೀಸೃಪಗಳನ್ನು ಸಾಕುವ ಹವ್ಯಾಸ ಅಮೆರಿಕ, ಜರ್ಮನಿ, ಬ್ರಿಟನ್, ಜಪಾನುಗಳಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಮೂರು-ನಾಲ್ಕು ದಶಕಗಳ ಹಿಂದೆ ಅಲ್ಲಿನ ಹವ್ಯಾಸಿಗಳು ಪೆಟ್ಟಿಗೆಯ ತಳಕ್ಕೆ ಹಳೆಯ ಪತ್ರಿಕೆಯನ್ನೋ ಮರದ ಹೊಟ್ಟನ್ನೋ ಹಾಸುತ್ತಿದ್ದರು. ಹೊಲಸಾದಾಗ ತೆಗೆದು ಬಿಸಾಕಿದರೆ ಮುಗಿಯಿತು. ಈಗ ಕಾಡಿನ ಒಂದು ತುಂಡನ್ನೇ ಮನೆಯೊಳಗೆ ತಂದಿಡುವ ಹಂಬಲ. ಗಾಜಿನ ಪೆಟ್ಟಿಗೆ, ಒಳಗೊಂದು ಡೊಂಕು ಕೊಂಬೆ, ಕೊಂಬೆಗೆ ಅಂಟಿಕೊಂಡ ಹಲ್ಲಿ, ನೆಲದ ತುಂಬ ಜೀವಂತ ಹಾವಸೆಯ ದಪ್ಪ ಹಸಿರು ಹಾಸು. ಅಂಗಡಿಯ ಜಾಹೀರಾತಿನಲ್ಲಿ, ಹವ್ಯಾಸಿಗಳು ಹಂಚಿಕೊಳ್ಳುವ ಫೋಟೋಗಳಲ್ಲಿ ಈ ಚಿತ್ರ ಎಷ್ಟು ಸಲ ಬಂದುಹೋಗಿದೆಯೆಂದರೆ, ಹೊಸದಾಗಿ ಸಾಕಲು ಹೊರಟವರು ಪ್ರಾಣಿಯ ಊಟ ವಿಚಾರಿಸುವುದಕ್ಕೆ ಮುಂಚೆ ಹಾವಸೆಯ ಬೆಲೆ ವಿಚಾರಿಸುತ್ತಾರೆ.

ಈ ಹಾಸು ಬಾಳುತ್ತದೆಯೇ? ಬಾಳಿದರೂ ಪ್ರಾಣಿಗೆ ಅದರಿಂದ ಒಳ್ಳೆಯದಾಗುತ್ತದೆಯೇ? ನನ್ನ ತೀರ್ಮಾನವನ್ನು ಕೊನೆಯವರೆಗೆ ಮುಚ್ಚಿಡುವುದಿಲ್ಲ. ಬಹುಪಾಲು ಸರೀಸೃಪಗಳ ಗೂಡಿನಲ್ಲಿ ಜೀವಂತ ಹಾವಸೆ ನೆಲದ ಹಾಸಾಗಿ ಉಳಿಯುವುದಿಲ್ಲ. ಉಳಿಯುವ ಕಡೆ ಅದು ಹಾಸಲ್ಲ, ಒಂದು ಮೂಲೆಯ ಗಿಡ. ಪ್ರಾಣಿಗೆ ನಿಜವಾಗಿ ಬೇಕಾದ ತೇವವನ್ನು ಒಣಗಿಸಿ ಮಾರುವ ಸತ್ತ ಹಾವಸೆಯೇ ಇನ್ನೂ ಚೆನ್ನಾಗಿ ಕೊಡುತ್ತದೆ. ಹಾಗಾದರೆ ಹಸಿರು ಯಾರಿಗೆ ಬೇಕು ಎಂದರೆ, ಗಾಜಿನ ಈಚೆ ಕೂತವರಿಗೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಪ್ರಾಣಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಗಾಜಿನೊಳಗೆ ಕಾಡು ಬೆಳೆಸುವ ಆಸೆ ಹಳೆಯದು. ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ 1829ರಲ್ಲಿ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟರು. ಪತಂಗಕ್ಕೆ ಕಾಯುತ್ತಿದ್ದವರಿಗೆ ಮಣ್ಣಿನಿಂದ ಒಂದು ಜರೀಗಿಡ ಮತ್ತು ಹುಲ್ಲು ಮೇಲೇಳುವುದು ಕಂಡಿತು. ಕಲ್ಲಿದ್ದಲ ಹೊಗೆಯ ಆ ಊರಿನಲ್ಲಿ ಅವರ ಜರೀಗಿಡಗಳೆಲ್ಲ ಸಾಯುತ್ತಿದ್ದವು. ಮುಚ್ಚಿದ ಗಾಜಿನೊಳಗೆ ಮಾತ್ರ, ಆವಿಯಾದ ನೀರು ಮತ್ತೆ ಹನಿಯಾಗಿ ಇಳಿಯುತ್ತಿದ್ದುದರಿಂದ, ಗಿಡ ತಾನಾಗಿ ಬದುಕಿತು. 1842ರಲ್ಲಿ ವಾರ್ಡ್ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಆ ಪೆಟ್ಟಿಗೆ ಗಿಡಕ್ಕೆಂದೇ ಹುಟ್ಟಿದ್ದು. ಅದರ ಗುಟ್ಟೇ ಬಾಯಿ ಮುಚ್ಚಿರುವುದು. ಸರೀಸೃಪದ ಪೆಟ್ಟಿಗೆಗೆ ಗಾಳಿಯಾಡಬೇಕು. ಒಂದು ಬದಿ ಬಿಸಿ, ಒಂದು ಬದಿ ತಂಪು ಇರಬೇಕು. ವಾರ್ಡ್ ಪೆಟ್ಟಿಗೆಯ ತರ್ಕ ಇಲ್ಲಿಗೆ ಬರುವುದರೊಳಗೆ ಅರ್ಧ ಬಿದ್ದುಹೋಗಿರುತ್ತದೆ.

ಇನ್ನರ್ಧವನ್ನು ಕೆಡಿಸಿದ್ದು ಕಪ್ಪೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಣ್ಣಬಣ್ಣದ ಡಾರ್ಟ್ ಕಪ್ಪೆಗಳನ್ನು ಸಾಕುವವರು ಹಾವಸೆ ಹಾಸಿದ ಪೆಟ್ಟಿಗೆಗಳನ್ನು ಬಹಳ ಚೆನ್ನಾಗಿ ಕಟ್ಟಿದರು. ಕೆಲವೇ ಗ್ರಾಂ ತೂಗುವ ಪ್ರಾಣಿ. ಬಿಸಿ ದೀಪ ಬೇಡ, ನೆಲ ಕೆದಕುವುದಿಲ್ಲ, ಸದಾ ಒದ್ದೆಯಿದ್ದರೇ ಅದಕ್ಕೆ ಹಿತ. ಅಲ್ಲಿ ಹಾವಸೆ ಬಾಳಿದ್ದು ಸಹಜ. ಆ ಪೆಟ್ಟಿಗೆಗಳ ಅಂದ ನೋಡಿ ಸರೀಸೃಪ ಸಾಕುವವರೂ ಅದನ್ನೇ ಮಾಡಹೊರಟರು. ಅರವತ್ತು ಗ್ರಾಂ ತೂಗುವ ಹಲ್ಲಿಗೆ, ಒಂದೂವರೆ ಕಿಲೋ ತೂಗುವ ಹೆಬ್ಬಾವಿಗೆ ಕಪ್ಪೆಯ ಹಾಸು ಹಾಸಿದರು. ಈ ವಿಷಯದ ಅರ್ಧಕ್ಕರ್ಧ ಗೊಂದಲ ಇಲ್ಲಿಂದ ಹುಟ್ಟಿದ್ದು.

ಹಾವಸೆ ಯಾಕೆ ಸಾಯುತ್ತದೆ ಎಂದು ಕೇಳಿದರೆ ಅಂಗಡಿಯವರು "ನೀರು ಸಾಲದು, ಇನ್ನಷ್ಟು ಸಿಂಪಡಿಸಿ" ಎನ್ನುತ್ತಾರೆ. ಹಾವಸೆಯ ಬದುಕು ಗೊತ್ತಿದ್ದರೆ ಈ ಸಲಹೆ ಬರುತ್ತಿರಲಿಲ್ಲ. ಹಾವಸೆಗೆ ಬೇರಿಲ್ಲ. ಕಲ್ಲಿಗೋ ಮರಕ್ಕೋ ಕಚ್ಚಿಕೊಳ್ಳಲು ಕೂದಲೆಳೆಯಂಥ ತಂತುಗಳಿವೆ, ಅಷ್ಟೇ. ನೀರನ್ನು ಅದು ಎಲೆಯ ಮೈಯಿಂದಲೇ ಹೀರುತ್ತದೆ, ಎಲೆಯ ಮೈಯಿಂದಲೇ ಕಳೆದುಕೊಳ್ಳುತ್ತದೆ. ಮಳೆ ನಿಂತರೆ ಒಣಗಿ ಮುದುಡಿ, ಉಸಿರಾಟವನ್ನೇ ಬಹುಮಟ್ಟಿಗೆ ನಿಲ್ಲಿಸಿ ಕಾಯುತ್ತದೆ. ಮಲೆನಾಡಿನಲ್ಲಿ ಜಂಬಿಟ್ಟಿಗೆಯ ಗೋಡೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಏಪ್ರಿಲ್‌ನಲ್ಲಿ ಕೈಯಿಟ್ಟರೆ ಪುಡಿಯಾಗುವ ಕಂದು ಹೊಪ್ಪಳೆ ಮೊದಲ ಮಳೆ ಬಿದ್ದು ಸ್ವಲ್ಪ ಹೊತ್ತಿಗೆಲ್ಲ ಹಸಿರಾಗಿ ಉಬ್ಬಿಕೊಳ್ಳುತ್ತದೆ. ಅಂದರೆ ಒಣಗುವುದಕ್ಕೆ ಹಾವಸೆ ಅಷ್ಟಾಗಿ ಹೆದರುವುದಿಲ್ಲ. ಅದು ಸೋಲುವುದು ಒದ್ದೆಯಾಗಿದ್ದೂ ಬಿಸಿಯಾಗಿರುವ ಸ್ಥಿತಿಗೆ, ಅದರಲ್ಲೂ ಬಿಸಿಯಾದ ರಾತ್ರಿಗೆ.

ಇದರ ಲೆಕ್ಕ ಸರಳ. ಹಗಲಲ್ಲಿ ಬೆಳಕಿನಿಂದ ಆಹಾರ ತಯಾರಿಸಿಕೊಂಡ ಗಿಡ ರಾತ್ರಿ ಉಸಿರಾಡುತ್ತ ಅದರಲ್ಲಿ ಒಂದು ಪಾಲನ್ನು ಖರ್ಚು ಮಾಡುತ್ತದೆ. ಬಿಸಿ ಹೆಚ್ಚಿದಷ್ಟೂ ಉಸಿರಾಟ ಹೆಚ್ಚು, ಖರ್ಚೂ ಹೆಚ್ಚು. ಅಂಗಡಿಗೆ ಬರುವ ಹಾವಸೆಗಳಲ್ಲಿ ಹೆಚ್ಚಿನವು ತಂಪು ದೇಶದವು. 15ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗೆ ಅವುಗಳ ಆಹಾರ ತಯಾರಿಕೆ ಚೆನ್ನಾಗಿ ನಡೆಯುತ್ತದೆ. ಕಾಡಿನ ನೆಲದಂಥ ಮಬ್ಬು ಬೆಳಕಿನಲ್ಲಿ ಹಗಲಿನ ಗಳಿಕೆಯೇ ಕಡಿಮೆ. ರಾತ್ರಿಯಿಡೀ 26 ಡಿಗ್ರಿಯ ಸೆಕೆಯಲ್ಲಿ ಒದ್ದೆಯಾಗಿ ಕೂತರೆ ಗಳಿಸಿದ್ದಕ್ಕಿಂತ ಕಳೆದದ್ದು ಜಾಸ್ತಿಯಾಗುತ್ತದೆ. ಒಣಗಿದ್ದರೆ ಈ ಖರ್ಚೂ ನಿಲ್ಲುತ್ತಿತ್ತು. ನಾವೋ ಪ್ರೀತಿಯಿಂದ ರಾತ್ರಿ ಮಲಗುವ ಮೊದಲು ಇನ್ನೊಮ್ಮೆ ನೀರು ಸಿಂಪಡಿಸಿರುತ್ತೇವೆ. ಹೀಗೆ ದಿನದಿನವೂ ಸಾಲ ಬೆಳೆದು ಹಾವಸೆ ತುದಿಯಿಂದ ಹಳದಿಗೆ ತಿರುಗುತ್ತದೆ. ಹಳದಿ ಕಂಡು ನಾವು ಮತ್ತಷ್ಟು ನೀರು ಹಾಕುತ್ತೇವೆ.

ಉಷ್ಣವಲಯದ ಕಾಡುಗಳಲ್ಲೂ ಇದೇ ಲೆಕ್ಕ ಕಾಣುತ್ತದೆ. ತಗ್ಗಿನ ಮಳೆಕಾಡು ಎಷ್ಟೇ ಒದ್ದೆಯಿದ್ದರೂ ಅಲ್ಲಿ ನೆಲದ ತುಂಬ ಹಾವಸೆ ಇರುವುದಿಲ್ಲ, ತರಗೆಲೆ ಇರುತ್ತದೆ. ಬೆಟ್ಟ ಹತ್ತಿ ಮೋಡ ತಾಗುವ ಎತ್ತರ ಮುಟ್ಟಿದ ಮೇಲೆ, ರಾತ್ರಿ ತಂಪಾಗುವ ಕಡೆ, ಮರದ ತೊಗಟೆಯೇ ಕಾಣದಷ್ಟು ದಪ್ಪಗೆ ಹಾವಸೆ ಬೆಳೆಯುತ್ತದೆ. ನಮ್ಮ ಪಶ್ಚಿಮಘಟ್ಟದ ನೆತ್ತಿಯ ಶೋಲಾ ಕಾಡುಗಳು ಹೀಗೆಯೇ. ತಗ್ಗಿನ ಕಾಡುಗಳಲ್ಲಿ ಹಾವಸೆ ಯಾಕೆ ಕಡಿಮೆ ಎಂಬುದಕ್ಕೆ ಸಸ್ಯವಿಜ್ಞಾನಿಗಳು ಮುಂದಿಟ್ಟಿರುವ ಮುಖ್ಯ ವಿವರಣೆಗಳಲ್ಲಿ ಈ ಬಿಸಿ ರಾತ್ರಿಯ ಉಸಿರಾಟವೂ ಒಂದು. ಸರೀಸೃಪದ ಪೆಟ್ಟಿಗೆ ಅಂದರೆ ತಗ್ಗಿನ ಮಳೆಕಾಡು, ಹಲವು ಸಲ ಮರುಭೂಮಿ. ಅಲ್ಲಿಗೆ ಬೆಟ್ಟದ ನೆತ್ತಿಯ ಗಿಡ ತಂದು ಹಾಸುತ್ತಿದ್ದೇವೆ.

ಹಾಗಾದ್ದರಿಂದ ಪ್ರಶ್ನೆಯನ್ನು ಪ್ರಾಣಿ ಪ್ರಾಣಿಗೂ ಬೇರೆಯಾಗಿ ಕೇಳಬೇಕು. ಆಸ್ಟ್ರೇಲಿಯಾದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಯಂಥ ಪ್ರಾಣಿ 40 ಡಿಗ್ರಿಯ ಆಸುಪಾಸಿನ ಕಲ್ಲಿನ ಮೇಲೆ ಮೈಕಾಯಿಸಿಕೊಳ್ಳಬೇಕು. ಅಲ್ಲಿ ಹಾವಸೆಯ ಮಾತೇ ಬೇಡ. ಬಿಸಿಲುನಾಡಿನ ಇತರ ಓತಿಗಳಿಗೂ, ಒಣ ಪ್ರದೇಶದ ಆಮೆಗಳಿಗೂ ಅದೇ ಉತ್ತರ.

ಆಫ್ರಿಕದ ಬಾಲ್ ಪೈಥಾನ್ ಎಂಬ ಹೆಬ್ಬಾವು ಇನ್ನೊಂದು ಬಗೆ. ಅದಕ್ಕೆ ತೇವದ ಗಾಳಿ ಬೇಕು, ನಿಜ. ಕಾಡಿನಲ್ಲಿ ಅದು ಹಗಲು ಕಳೆಯುವುದು ಇಲಿಗಳ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ. ಅಲ್ಲಿಯ ಗಾಳಿ ಹೊರಗಿನದಕ್ಕಿಂತ ತೇವ. ಆದರೆ ಬಿಸಿ ಬದಿಯಲ್ಲಿ 31-32 ಡಿಗ್ರಿಯೂ ಬೇಕು. ಮೇಲಾಗಿ ಇಷ್ಟು ಭಾರದ ಹಾವು ರಾತ್ರಿಯೆಲ್ಲ ಹಾವಸೆಯ ಮೇಲೆ ಹರಿದಾಡಿದರೆ ಬೆಳಿಗ್ಗೆ ಹಾಸು ಸುರುಳಿ ಸುತ್ತಿಕೊಂಡು ಮೂಲೆ ಸೇರಿರುತ್ತದೆ. ಕಾಡಿನಲ್ಲಿ ಬದುಕುವ ಆಮೆಗಳದೂ ಹೆಚ್ಚುಕಮ್ಮಿ ಇದೇ ಕತೆ. ಅವು ಹಾವಸೆಯನ್ನು ತುಳಿಯುತ್ತವೆ, ಕೆದಕುತ್ತವೆ, ಬೇಸರ ಬಂದರೆ ತಿನ್ನುತ್ತವೆ. ಹಾವಸೆ ವಿಷವಲ್ಲ, ಆದರೆ ಊಟವೂ ಅಲ್ಲ.

ನಡುವಿನ ಜಾಗದಲ್ಲಿ ನಿಲ್ಲುವುದು ಕ್ರೆಸ್ಟೆಡ್ ಗೆಕ್ಕೊ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಹಲ್ಲಿ ಅಳಿದೇಹೋಗಿದೆ ಎಂದು ಎಲ್ಲರೂ ನಂಬಿದ್ದರು. 1994ರಲ್ಲಿ ಮತ್ತೆ ಸಿಕ್ಕಿತು. ಅಲ್ಲಿಂದ ಬಂದ ಕೆಲವೇ ಪ್ರಾಣಿಗಳ ಸಂತತಿ ಇಂದು ಜಗತ್ತಿನ ಮನೆಮನೆಗಳಲ್ಲಿದೆ. ಅದಕ್ಕೆ ಹಿತವಾದ ಬಿಸಿ 22ರಿಂದ 26 ಡಿಗ್ರಿ. ರಾತ್ರಿ ಇನ್ನಷ್ಟು ಇಳಿದರೂ ಸರಿಯೇ. ಸಂಜೆ ಚೆನ್ನಾಗಿ ನೀರು ಸಿಂಪಡಿಸಿ ಮರುದಿನ ಆರಲು ಬಿಡುವ ಪದ್ಧತಿ ಅದಕ್ಕೂ ಒಗ್ಗುತ್ತದೆ, ಹಾವಸೆಗೂ ಒಗ್ಗಬಹುದು. ಮರದ ಮೇಲೆ ವಾಸಿಸುವ ಪ್ರಾಣಿಯಾದ್ದರಿಂದ ನೆಲದ ತುಳಿತವೂ ಕಡಿಮೆ. ಹಾವಸೆ ಬಾಳಿದ ಪೆಟ್ಟಿಗೆಗಳ ಪೈಕಿ ಹೆಚ್ಚಿನವು ಇಂಥವೇ. ಕೆಲವೇ ಗ್ರಾಂ ತೂಗುವ, ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಮರಿ ಮಾಡುವ ಮೌರ್ನಿಂಗ್ ಗೆಕ್ಕೊ ಇನ್ನೂ ಸಲೀಸು. ಅದು ನಡೆದದ್ದು ಹಾವಸೆಗೆ ಗೊತ್ತೂ ಆಗುವುದಿಲ್ಲ.

ಹಾವಸೆಯೊಡನೆ ನಿಜವಾಗಿ ಜೊತೆಯಾಗಿ ಬದುಕುವ ಸರೀಸೃಪಗಳು ಬೇರೆಯೇ ಇವೆ. ಮೆಕ್ಸಿಕೊ, ಗ್ವಾಟೆಮಾಲದ ಮೋಡಕಾಡುಗಳಲ್ಲಿ ಮರದ ತುದಿಯಲ್ಲಿರುವ ಅಬ್ರೋನಿಯಾ ಓತಿಗಳು, ಕೀನ್ಯಾ ಬೆಟ್ಟದ ತಪ್ಪಲಿನ ಮೂರು ಕೊಂಬಿನ ಜಾಕ್ಸನ್ ಊಸರವಳ್ಳಿ. ಇವುಗಳಿಗೆ ಹಗಲಲ್ಲಿ ಸ್ವಲ್ಪ ಬಿಸಿಲು, ರಾತ್ರಿ ಒಳ್ಳೆಯ ಚಳಿ ಬೇಕು. ಅದೇ ಹಾವಸೆಗೂ ಬೇಕು. ಆದರೆ ತಮಾಷೆ ನೋಡಿ, ಇಂಥ ಪ್ರಾಣಿಗಳನ್ನು ಸಾಕುವುದು ಬಹಳ ಕಷ್ಟ, ಹೊಸಬರ ಕೈಗೆ ಬರಬಾರದ ಪ್ರಾಣಿಗಳು ಇವು. ಅಬ್ರೋನಿಯಾದ ಎಲ್ಲ ಜಾತಿಗಳೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿವೆ. ಹಾವಸೆಗೆ ಒಗ್ಗುವ ಪ್ರಾಣಿ ಹೊಸಬರಿಗೆ ಒಗ್ಗುವುದಿಲ್ಲ, ಹೊಸಬರು ತರುವ ಪ್ರಾಣಿ ಹಾವಸೆಗೆ ಒಗ್ಗುವುದಿಲ್ಲ.

ಸತ್ತ ಹಾವಸೆಯ ಕೆಲಸ ನೋಡಬೇಕಾದರೆ ಲೆಪರ್ಡ್ ಗೆಕ್ಕೊ ಸಾಕಿದವರ ಮನೆಗೆ ಹೋಗಬೇಕು. ಅಫ್ಘಾನಿಸ್ತಾನ, ಪಾಕಿಸ್ತಾನದ ಒಣ ಕಲ್ಲುನೆಲದ ಹಲ್ಲಿ ಇದು. ಆದರೆ ಒಣನಾಡಿನ ಪ್ರಾಣಿ ಎಂದ ಮಾತ್ರಕ್ಕೆ ಅದು ಸದಾ ಒಣಗಿ ಬದುಕುತ್ತದೆ ಎಂದಲ್ಲ. ಹಗಲೆಲ್ಲ ಕಲ್ಲಿನಡಿಯ ಬಿಲದಲ್ಲಿರುತ್ತದೆ, ಬಿಲದ ಒಳಗೆ ತೇವ ಉಳಿದಿರುತ್ತದೆ. ಪೆಟ್ಟಿಗೆಯಲ್ಲಿ ಅದಕ್ಕೆ ಮಾಡಿಕೊಡುವ ವ್ಯವಸ್ಥೆ ಬಹಳ ಸಾದಾ. ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ, ಬದಿಯಲ್ಲಿ ಹಲ್ಲಿ ನುಗ್ಗುವಷ್ಟು ತೂತು, ತೂತಿನ ಅಂಚು ಮೈ ಗೀರದಂತೆ ಉಜ್ಜಿ ನಯ ಮಾಡಿರಬೇಕು. ಒಳಗೆ ನೆನೆಸಿದ ಸ್ಫ್ಯಾಗ್ನಂ, ಅಂದರೆ ಒಣಗಿಸಿ ಮಾರುವ ಆ ಸತ್ತ ಹಾವಸೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದ ಮೇಲೆ ಹನಿ ಬೀಳಬಾರದು, ಆದರೆ ಕೈಗೆ ತಂಪು ತಾಗುತ್ತಿರಬೇಕು. ಡಬ್ಬಿಯನ್ನು ಬಿಸಿ ಬದಿ ಮತ್ತು ತಂಪು ಬದಿಯ ನಡುವೆ ಇಡುತ್ತಾರೆ. ಪೊರೆ ಬಿಡುವ ದಿನ ಹತ್ತಿರ ಬಂದು ಹಲ್ಲಿಯ ಮೈ ಬಿಳಿಚಿಕೊಂಡಾಗ ಅದು ತಾನಾಗಿ ಡಬ್ಬಿ ಹೊಕ್ಕು ಕೂರುತ್ತದೆ. ಸಡಿಲವಾದ ಪೊರೆಯನ್ನು ಬಾಯಿಂದ ಎಳೆದು ಕೈಗವಸು ತೆಗೆದ ಹಾಗೆ ಕಳಚುತ್ತದೆ, ಕಳಚಿದ್ದನ್ನು ತಿಂದೂಬಿಡುತ್ತದೆ. ತೇವ ಸಾಲದಿದ್ದರೆ ಬೆರಳ ತುದಿಗಳಲ್ಲಿ ಪೊರೆಯ ಉಂಗುರ ಉಳಿದುಕೊಳ್ಳುತ್ತದೆ. ಅದು ಒಣಗಿ ಬಿಗಿದರೆ ರಕ್ತ ಹರಿಯದೆ ಬೆರಳೇ ಉದುರುತ್ತದೆ. ಬೆರಳಿಲ್ಲದ ಲೆಪರ್ಡ್ ಗೆಕ್ಕೊಗಳನ್ನು ಕಂಡವರಿಗೆ ಒಂದು ಹಿಡಿ ಒದ್ದೆ ಸ್ಫ್ಯಾಗ್ನಂನ ಬೆಲೆ ತಿಳಿಯುತ್ತದೆ. ಹಾವುಗಳಲ್ಲಿ ಕಣ್ಣಿನ ಮೇಲಿನ ಪಾರದರ್ಶಕ ಪೊರೆ ಬಿಡದೆ ಉಳಿಯುವುದೂ ಇದೇ ಕಾರಣಕ್ಕೆ. ಕ್ರೆಸ್ಟೆಡ್ ಗೆಕ್ಕೊ ಮೊಟ್ಟೆಯಿಡುವುದಕ್ಕೂ ಇಂಥದೇ ಡಬ್ಬಿ ಇಡುತ್ತಾರೆ. ಹಾವಿನ ಮೊಟ್ಟೆಗಳಿಗೆ ಕಾವು ಕೊಡುವಾಗಲೂ ಸ್ಫ್ಯಾಗ್ನಂ ಬಳಸುವವರಿದ್ದಾರೆ.

ಸ್ಫ್ಯಾಗ್ನಂ ಸತ್ತರೂ ಕೆಲಸ ಮಾಡುವುದಕ್ಕೆ ಕಾರಣ ಅದರ ಎಲೆಯ ರಚನೆ. ಎಲೆಯ ಹಸಿರು ಕೋಶಗಳ ನಡುವೆ ದೊಡ್ಡ ಖಾಲಿ ಕೋಶಗಳಿವೆ. ಗಿಡ ಬದುಕಿರುವಾಗಲೇ ಸತ್ತ ಕೋಶಗಳು ಅವು, ಗೋಡೆಯಲ್ಲಿ ತೂತುಗಳಿರುವ ಸಣ್ಣ ಚೀಲಗಳು. ನೀರು ನಿಲ್ಲುವುದು ಅವುಗಳಲ್ಲಿ. ಒಣ ತೂಕದ ಸುಮಾರು ಇಪ್ಪತ್ತು ಪಟ್ಟು ನೀರು ಹಿಡಿಯಬಲ್ಲದು. ಜೀವ ಇದ್ದರೂ ಇಲ್ಲದಿದ್ದರೂ ಈ ಚೀಲಗಳ ಕೆಲಸ ಒಂದೇ. ಹೂಗಿಡದ ಅಂಗಡಿಗಳಲ್ಲಿ ಆರ್ಕಿಡ್‌ಗೆಂದು ಮಾರುವ, ಮನಿಪ್ಲಾಂಟ್ ಹಬ್ಬಿಸುವ ಮಾಸ್ ಸ್ಟಿಕ್‌ಗಳಲ್ಲಿ ತುಂಬುವ ಒಣ ನಾರು ಇದೇ. ಹೆಚ್ಚಿನದು ಚಿಲಿ, ನ್ಯೂಜಿಲೆಂಡ್‌ಗಳಿಂದ ಬರುತ್ತದೆ. ಸತ್ತದ್ದರ ಇನ್ನೊಂದು ಅನುಕೂಲ: ಕೊಳೆಯಾದರೆ ಬಿಸಾಕಿ ಹೊಸದು ಹಾಕಬಹುದು, ಅನುಮಾನವಿದ್ದರೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬಹುದು. ಬದುಕಿರುವುದನ್ನು ಕುದಿಸಲಾಗುವುದಿಲ್ಲ. ಕಾಡಿನಿಂದಲೋ ತೋಟದ ಗೋಡೆಯಿಂದಲೋ ಕಿತ್ತು ತಂದ ಹಾವಸೆಯ ಜೊತೆ ಬಸವನಹುಳು, ಉಣ್ಣೆ, ನುಸಿ, ಸಿಂಪಡಿಸಿದ ಕೀಟನಾಶಕ ಏನು ಬಂದರೂ ತೊಳೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಬಿಸಿಯ ತಂಟೆ ಇಲ್ಲದ ಪೆಟ್ಟಿಗೆಯಲ್ಲೂ ಹಾವಸೆ ಸಾಯುವುದುಂಟು. ಅಲ್ಲಿ ಕಾರಣ ಹೆಚ್ಚಾಗಿ ನೀರಿನ ಗುಣ. ಸ್ಫ್ಯಾಗ್ನಂ ಮತ್ತು ಗುಂಡು ದಿಂಬಿನಂತೆ ಬೆಳೆಯುವ ಲ್ಯೂಕೋಬ್ರಿಯಂ ಹುಳಿ ನೆಲದ ಗಿಡಗಳು. ಬೆಂಗಳೂರಿನಂಥ ಊರಿನ ಬೋರ್‌ವೆಲ್ ನೀರು ಸಿಂಪಡಿಸಿದರೆ, ಗಾಜಿನ ಮೇಲೆ ಬಿಳಿ ಕಲೆ ಬಿಡುವ ಅದೇ ಸುಣ್ಣ ಎಲೆಗಳ ಮೇಲೂ ಕೂರುತ್ತದೆ. ಮಳೆನೀರು ಇಲ್ಲವೇ ಆರ್‌ಒ ನೀರು ಬೇಕು. ಪ್ರಾಣಿಗೆ ಹಾಕುವ ಚಿಮ್ಮಂಡೆ ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರಿರುತ್ತಾರೆ, ಅದು ಉದುರುವುದೂ ಹಾವಸೆಯ ಮೇಲೆಯೇ. ಇನ್ನು ಪ್ರಾಣಿಯ ಹಿಕ್ಕೆ. ಸರೀಸೃಪಗಳು ಮೂತ್ರವನ್ನು ಬಿಳಿ ಗಟ್ಟಿಯಾಗಿ, ಯೂರಿಕ್ ಆಮ್ಲವಾಗಿ ಹಾಕುತ್ತವೆ. ಅದರಲ್ಲಿ ಸಾರಜನಕ ದಂಡಿಯಾಗಿದೆ. ಗುಲಾಬಿ ಗಿಡಕ್ಕಾದರೆ ಗೊಬ್ಬರ. ಬರೀ ಮಳೆನೀರಿನಲ್ಲಿ ಬರುವ ಅಲ್ಪ ಪೋಷಕಾಂಶದ ಮೇಲೆ ಬದುಕಲು ಒಗ್ಗಿಕೊಂಡ ಹಾವಸೆಗೆ ಅದು ಹೆಚ್ಚಾಗುತ್ತದೆ. ಯೂರೋಪಿನ ಜೌಗು ಪ್ರದೇಶಗಳಲ್ಲಿ ಗಾಳಿಯ ಮೂಲಕ ಬೀಳುವ ಸಾರಜನಕ ಹೆಚ್ಚಾದ ಕಡೆ ಸ್ಫ್ಯಾಗ್ನಂ ಹಿಂದೆ ಸರಿದಿದೆ. ಪೆಟ್ಟಿಗೆಯಲ್ಲಿ ಹಲ್ಲಿ ದಿನವೂ ಒಂದೇ ಮೂಲೆಗೆ ಹೋಗುತ್ತದೆ. ಹಾಸು ಅಲ್ಲಿಂದಲೇ ಕಪ್ಪಾಗಲು ಶುರು.

ಆದ್ದರಿಂದ ಹಾವಸೆ ಹಿಕ್ಕೆಯನ್ನು ತಿಂದು ಪೆಟ್ಟಿಗೆಯನ್ನು ಚೊಕ್ಕಟವಾಗಿಡುತ್ತದೆ ಎಂಬ ಮಾತು ಸುಳ್ಳು. ಆ ಕೆಲಸ ಮಾಡುವುದು ಮಣ್ಣು. ಬಯೋಆಕ್ಟಿವ್ ಎಂದು ಈಗ ಹೆಸರಾಗಿರುವ ಪದ್ಧತಿಯಲ್ಲಿ ತಳಕ್ಕೆ ನೀರು ಬಸಿಯಲು ಜೇಡಿಮಣ್ಣಿನ ಸುಟ್ಟ ಗುಂಡು, ಅದರ ಮೇಲೆ ಜಾಲರಿ, ಮೇಲೆ ತೊಗಟೆ-ಇದ್ದಿಲು-ನಾರು ಬೆರೆಸಿದ ಮಣ್ಣು, ಎಲ್ಲದರ ಮೇಲೆ ತರಗೆಲೆ ಇರುತ್ತದೆ. ಒಳಗೆ ಸ್ಪ್ರಿಂಗ್‌ಟೇಲ್ ಎಂಬ ಬಿಳಿಯ ಸೂಕ್ಷ್ಮ ಹುಳಗಳು ಬೂಸು ಮೇಯುತ್ತವೆ. ಒದ್ದೆ ಕಲ್ಲು ಎತ್ತಿದರೆ ಅಡಿಯಲ್ಲಿ ಓಡಾಡುವ ಬೂದುಬಣ್ಣದ ಐಸೋಪಾಡ್‌ಗಳು ಹಿಕ್ಕೆ, ಎಲೆ, ಉದುರಿದ ಪೊರೆ ತಿನ್ನುತ್ತವೆ. ಉಳಿದದ್ದು ಮಣ್ಣಿನ ಸೂಕ್ಷ್ಮಾಣುಗಳ ಪಾಲು. ಈ ಇಡೀ ಏರ್ಪಾಡಿನಲ್ಲಿ ಹಾವಸೆಗೆ ಅನಿವಾರ್ಯವಾದ ಪಾತ್ರ ಒಂದೂ ಇಲ್ಲ. ಹಸಿವಾದರೆ ದೊಡ್ಡ ಜಾತಿಯ ಐಸೋಪಾಡ್‌ಗಳು ಹಾವಸೆಯನ್ನೇ ಕೆರೆದು ತಿನ್ನುತ್ತವೆ. ತರಗೆಲೆ ಹಾಕಿದರೆ ಹುಳಕ್ಕೆ ಊಟ, ಹಲ್ಲಿಗೆ ಮರೆ, ಮಣ್ಣಿನ ತೇವಕ್ಕೆ ಮುಚ್ಚಿಗೆ, ಮೂರೂ ಆಯಿತು. ಫೋಟೋದಲ್ಲಿ ಅದು ಕಸದಂತೆ ಕಾಣುತ್ತದೆ ಎಂಬುದೊಂದೇ ಅದರ ದೋಷ.

ಆರೋಗ್ಯದ ವಿಷಯಕ್ಕೆ ಬಂದರೆ, ಹಾವಸೆಯಿಂದಲೇ ಬರುವ ರೋಗ ಎಂದೇನೂ ಇಲ್ಲ. ಅದನ್ನು ಹಸಿರಾಗಿಡುವ ಹಟದಿಂದ ಬರುವ ರೋಗಗಳಿವೆ. ನೆಲ ಸದಾ ಒದ್ದೆಯಿದ್ದು ಗಾಳಿಯಾಡದಿದ್ದರೆ ಹಾವಿನ ಹೊಟ್ಟೆಯ ಹುರುಪೆಗಳ ಕೆಳಗೆ ನೀರುಗುಳ್ಳೆ ಎದ್ದು, ಕೀವಾಗಿ, ಹುರುಪೆ ಕಂದಿ ಕೊಳೆಯತೊಡಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಸ್ಕೇಲ್ ರಾಟ್ ಎನ್ನುತ್ತಾರೆ. ಹಿಡಿದು ಮಗುಚಿ ನೋಡದವರಿಗೆ ಇದು ತಡವಾಗಿಯೇ ಕಾಣುವುದು. ಇನ್ನೊಂದು, ಹುಳದ ಮೇಲೆ ಎಗರುವಾಗ ಬಾಯಿಗೆ ಬರುವ ಹಾವಸೆಯ ಎಳೆ. ಸ್ಫ್ಯಾಗ್ನಂನ ಉದ್ದ ನಾರು ಮರಿಗಳ ಕರುಳಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಊಟವನ್ನು ಬಟ್ಟಲಲ್ಲಿ ಕೊಟ್ಟರೆ ಈ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

ಸ್ಫ್ಯಾಗ್ನಂಗೆ ನಂಜುನಿರೋಧಕ ಗುಣವಿದೆ, ಅದು ಪೆಟ್ಟಿಗೆಯ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ನಂಬಿಕೆಯೂ ಚಾಲ್ತಿಯಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಹತ್ತಿಯ ಕೊರತೆಯಾದಾಗ ಬ್ರಿಟನ್ನಿನಲ್ಲಿ ಗಾಯಕ್ಕೆ ಸ್ಫ್ಯಾಗ್ನಂ ಕಟ್ಟಿದ್ದು ನಿಜ. ಅದು ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ ಎಂಬುದೂ ನಿಜ. ಆದರೆ 1988ರಲ್ಲಿ ಅಮೆರಿಕದ 15 ರಾಜ್ಯಗಳಲ್ಲಿ 84 ಜನರಿಗೆ ಸ್ಪೋರೋಟ್ರೈಕೋಸಿಸ್ ಎಂಬ ಚರ್ಮದ ಶಿಲೀಂಧ್ರ ರೋಗ ತಗುಲಿದಾಗ, ಅದರ ಮೂಲ ಸಿಕ್ಕಿದ್ದು ಪೈನ್ ಜಾತಿಯ ಸಸಿಗಳ ಬೇರಿಗೆ ಸುತ್ತಿದ್ದ ವಿಸ್ಕಾನ್ಸಿನ್ ರಾಜ್ಯದ ಸ್ಫ್ಯಾಗ್ನಂನಲ್ಲಿ. ಕೈಯಲ್ಲಿ ಗೀರು ಗಾಯ ಇದ್ದವರು ಕೈಗವಸು ಹಾಕಿಕೊಂಡೇ ಅದನ್ನು ನೆನೆಸಬೇಕು.

ಪ್ರಾಣಿಗೆ ಹಸಿರು ಕಂಡರೆ ಮನಸ್ಸು ಅರಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಬರಿದಾದ ಪೆಟ್ಟಿಗೆಯಲ್ಲಿ ಸರೀಸೃಪ ಸೊರಗುತ್ತದೆ ಎಂಬುದನ್ನು ಈಗ ಬಲ್ಲವರು ಒಪ್ಪುತ್ತಾರೆ. ಲೆಪರ್ಡ್ ಗೆಕ್ಕೊಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಐದು ಬಗೆಯ ವೈವಿಧ್ಯವನ್ನು ಅವುಗಳ ಮುಂದಿಟ್ಟು ನೋಡಿತು. ಬಿಸಿ-ತಂಪಿನ ಆಯ್ಕೆಗೂ ಆಹಾರ ಹುಡುಕುವ ಕೆಲಸಕ್ಕೂ ಅವು ಹೆಚ್ಚು ಸ್ಪಂದಿಸಿದವು. ಇದರಿಂದ ಹಾವಸೆ ನಿಷ್ಪ್ರಯೋಜಕ ಎಂದು ಸಾಬೀತಾಗುವುದಿಲ್ಲ, ಅದನ್ನು ಅಲ್ಲಿ ಪರೀಕ್ಷೆಗೆ ಇಟ್ಟಿರಲಿಲ್ಲ. ಆದರೆ ಹಣ, ಶ್ರಮ ಎಲ್ಲಿ ಮೊದಲು ಸಲ್ಲಬೇಕು ಎಂಬುದಕ್ಕೆ ಅಷ್ಟು ಸೂಚನೆ ಸಾಕು.

ಇನ್ನು ಮಾರುಕಟ್ಟೆ. ಅಲ್ಲಿ ಮಾಸ್ ಎಂದು ಮಾರುವುದರಲ್ಲಿ ಹಾವಸೆಯಲ್ಲದ್ದೂ ಬೇಕಾದಷ್ಟಿದೆ. ರೇನ್‌ಡೀರ್ ಮಾಸ್ ಒಂದು ಕಲ್ಲುಹೂವು, ಸ್ಪ್ಯಾನಿಷ್ ಮಾಸ್ ಅನಾನಸ್ ಕುಟುಂಬದ ಗಿಡ. ಗೋಡೆಯ ಅಲಂಕಾರಕ್ಕೆ ಬರುವ ಪ್ರಿಸರ್ವ್ಡ್ ಮಾಸ್ ಅನ್ನು ಗ್ಲಿಸರಿನ್‌ನಲ್ಲಿ ಅದ್ದಿ ಬಣ್ಣ ಹಾಕಿರುತ್ತಾರೆ. ಅದಕ್ಕೆ ನೀರು ಹಾಕಿದರೆ ಬಣ್ಣ ಬಿಡುತ್ತದೆ, ಪ್ರಾಣಿಯ ಹತ್ತಿರವೂ ತರಬಾರದು. ನಿಜವಾದ ಹಾವಸೆಯೂ ಹೆಚ್ಚಿನಂಶ ಬೆಳೆಸಿದ್ದಲ್ಲ, ಕಾಡಿನಿಂದ ಸುಲಿದು ತಂದದ್ದು. ಅಮೆರಿಕದ ವಾಯವ್ಯದ ಕಾಡುಗಳಲ್ಲಿ, ಅಪ್ಪಲಾಚಿಯನ್ ಬೆಟ್ಟಗಳಲ್ಲಿ ಗೋಣಿಗಟ್ಟಲೆ ಸುಲಿಯುತ್ತಾರೆ. ಸುಲಿದ ಮರದ ಮೇಲೆ ಹಳೆಯ ದಪ್ಪ ಮತ್ತೆ ಬರಲು ದಶಕಗಳು ಬೇಕು. ಸಸ್ಯವಿಜ್ಞಾನಿ ರಾಬಿನ್ ವಾಲ್ ಕಿಮ್ಮರರ್ 2003ರಲ್ಲಿ ಬಂದ ತಮ್ಮ ಹಾವಸೆಯ ಪುಸ್ತಕದಲ್ಲಿ ಈ ಸುಲಿಗೆಯ ಬಗ್ಗೆ ನೊಂದು ಬರೆದಿದ್ದಾರೆ. ಯೂರೋಪಿನ ಒಕ್ಕೂಟ 1992ರ ತನ್ನ ಆವಾಸಸ್ಥಾನ ನಿರ್ದೇಶನದ ಐದನೆಯ ಅನುಬಂಧದಲ್ಲಿ, ಅಂದರೆ ಕೀಳುವುದಕ್ಕೆ ಕಡಿವಾಣ ಬೇಕಾಗಬಹುದಾದ ಜೀವಿಗಳ ಪಟ್ಟಿಯಲ್ಲಿ, ಸ್ಫ್ಯಾಗ್ನಂ ಮತ್ತು ಲ್ಯೂಕೋಬ್ರಿಯಂ ಗ್ಲಾಕಂ ಎರಡನ್ನೂ ಸೇರಿಸಿದೆ. ಗಾಜಿನ ಪೆಟ್ಟಿಗೆಗೆ ಹೆಚ್ಚು ಬೇಡಿಕೆಯಿರುವವೂ ಇವೇ.

ನಮ್ಮ ದೇಶದಲ್ಲಿ ಮಾತು ಇನ್ನಷ್ಟು ಸ್ಪಷ್ಟ. 1927ರ ಭಾರತೀಯ ಅರಣ್ಯ ಕಾಯ್ದೆ ಅರಣ್ಯೋತ್ಪನ್ನ ಎಂದರೆ ಏನೆಂದು ಹೇಳುವಾಗ ಹುಲ್ಲು, ಬಳ್ಳಿಗಳ ಜೊತೆಗೆ ಹಾವಸೆಯನ್ನೂ ಹೆಸರಿಸಿದೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಒಂದು ಚೀಲ ಹಾವಸೆ ತಂದರೂ ಅಪರಾಧವೇ. ಘಟ್ಟಕ್ಕೆ ಚಾರಣ ಹೋದವರು ನೆನಪಿಗೆಂದು ಕಿತ್ತು ತರುವುದನ್ನು ಕಂಡಿದ್ದೇನೆ, ಅದಕ್ಕಾಗಿ ಈ ಮಾತು. ಪ್ರಾಣಿಯ ವಿಷಯದಲ್ಲೂ ಹಾಗೆಯೇ. ನಕ್ಷತ್ರ ಆಮೆ, ನಮ್ಮ ಹೆಬ್ಬಾವು ಮುಂತಾದವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ. ಬಾಲ್ ಪೈಥಾನ್‌ನಂಥ, ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳಿದ್ದರೆ 2024ರಲ್ಲಿ ಬಂದ ನಿಯಮಗಳಂತೆ ಪರಿವೇಷ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಬ್ಯಾಂಕಾಕಿನಿಂದ ಬ್ಯಾಗಿನಲ್ಲಿ ತುಂಬಿ ತಂದ ಹಾವುಗಳು ಬೆಂಗಳೂರು ವಿಮಾನನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಗಳು ಹೀಗೇ ಸಿಕ್ಕವು. ಅಂಥ ಪ್ರಾಣಿಗೆ ಯಾವ ಹಾಸು ಹಾಸಬೇಕೆಂಬುದು ಆಮೇಲಿನ ಪ್ರಶ್ನೆ.

ಒಂದು ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ಅಮೆರಿಕ, ಯೂರೋಪಿನ ಸಾಕಣೆಗಾರರು ಇಟ್ಟಿಗೆಯಂತೆ ಒತ್ತಿದ ತೆಂಗಿನ ನಾರಿನ ಪುಡಿಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಅದು ಹೋಗುವುದು ಶ್ರೀಲಂಕಾದಿಂದ, ದಕ್ಷಿಣ ಭಾರತದಿಂದ. ನಮ್ಮಲ್ಲಿ ಯಾವ ನರ್ಸರಿಯಲ್ಲಾದರೂ ಸಿಗುತ್ತದೆ. ಉಪ್ಪಿನಂಶ ಹೋಗುವಂತೆ ಎರಡು-ಮೂರು ಸಲ ತೊಳೆದು, ಮಣ್ಣಿನ ಜೊತೆ ಬೆರೆಸಿ, ಮೇಲೆ ಕೀಟನಾಶಕ ಸೋಕದ ಒಣ ಎಲೆ ಹರಡಿದರೆ ಕಾಡಿನ ನೆಲದ ಯಾವ ಹಲ್ಲಿಗೂ ಸಲ್ಲುವ ಹಾಸು ಸಿದ್ಧ.

ಇಷ್ಟೆಲ್ಲ ಕೇಳಿಯೂ ಜೀವಂತ ಹಾವಸೆ ಬೇಕೆನ್ನುವವರು ಹೀಗೆ ಮಾಡಬಹುದು. ತಂಪು ಬೇಡುವ, ಹಗುರವಾದ, ಮರದ ಮೇಲಿರುವ ಪ್ರಾಣಿಯ ಪೆಟ್ಟಿಗೆಯಾಗಿರಲಿ. ಹಾವಸೆಯನ್ನು ನೆಲಕ್ಕೆ ಹಾಸದೆ ಕೊಂಬೆ, ಕಲ್ಲು, ತೊಗಟೆಯ ಮೇಲೆ ಕೂರಿಸಿ. ಬೇರಿಲ್ಲದ ಗಿಡಕ್ಕೆ ಮಣ್ಣು ಬೇಕಿಲ್ಲ, ಕಚ್ಚಿಕೊಳ್ಳಲು ಗಟ್ಟಿ ಮೈ ಬೇಕು. ಬಿಸಿಯನ್ನು ಸಹಿಸುವುದರಲ್ಲಿ ಆಕ್ವೇರಿಯಂ ಅಂಗಡಿಯ ಜಾವಾ ಮಾಸ್ ಉಳಿದವಕ್ಕಿಂತ ಗಟ್ಟಿ. ಅದನ್ನು ಒದ್ದೆ ಕಟ್ಟಿಗೆಗೆ ದಾರದಲ್ಲಿ ಕಟ್ಟಿಬಿಟ್ಟರೆ ನಿಧಾನವಾಗಿ ಹಿಡಿಯುತ್ತದೆ. ಎಲ್‌ಇಡಿ ಬೆಳಕು ತಳದವರೆಗೆ ಮುಟ್ಟಲಿ. ಸಿಂಪಡಿಸಿದ ನೀರು ಮುಂದಿನ ಸಿಂಪಡಣೆಯೊಳಗೆ ಒಮ್ಮೆಯಾದರೂ ಆರಲಿ.

ಹೊಸದಾಗಿ ಸಾಕಲು ಹೊರಟವರು ಹಾವಸೆಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಎರಡು ಡಿಜಿಟಲ್ ತಾಪಮಾಪಕ, ಒಂದು ತೇವಮಾಪಕ ಕೊಳ್ಳಿ. ತಾಪಮಾಪಕಗಳಲ್ಲಿ ಒಂದನ್ನು ಬಿಸಿ ಬದಿಯಲ್ಲಿ, ಇನ್ನೊಂದನ್ನು ತಂಪು ಬದಿಯ ನೆಲಮಟ್ಟದಲ್ಲಿ ಇಟ್ಟು ಒಂದು ವಾರ ರಾತ್ರಿಯ ಅಂಕಿಗಳನ್ನು ಬರೆದುಕೊಳ್ಳಿ. ತಂಪು ಬದಿ ರಾತ್ರಿಯೂ 24-25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಜೀವಂತ ಹಾವಸೆ ತರಬೇಡಿ. ಒಂದು ಪೊಟ್ಟಣ ಒಣ ಸ್ಫ್ಯಾಗ್ನಂ ಮತ್ತು ಒಂದು ಡಬ್ಬಿ ಸಾಕು.